ಮುಚ್ಚಳಗಳ ಮನೆಯಲ್ಲಿ ಒಂದು ಬಾತು

ನನಗೆ ಪ್ರಾಣಿ ಪಕ್ಷಿಗಳೆಂದರೆ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಯಾರಾದರೂ ನನ್ನನ್ನು ದಯಾಳು ಅಂದುಕೊಂಡರೆ ಅದು ಸುಳ್ಳಾಗುತ್ತದೆ. ಬಾಗಿಲಿಗೆ ನಾಯಿ ಬಂದರೆ ಹಚಾ ಅನ್ನುವವಳು, ಕಿಟಕಿಯಲ್ಲಿ ಪಾರಿವಾಳ ಕೂತರೆ ಕಸಬರಿಗೆ ಹುಡುಕುವವಳು ನಾನು. ಅಂಥವಳಿಗೆ ಕಾಲು ಮುರಿದ ಬಾತುಕೋಳಿಯೊಂದು ಗಂಟುಬಿತ್ತು.

ಹೊಸಪೇಟೆಯಲ್ಲಿ ಅದಿರಿನ ಲಾರಿಗಳು ಹಗಲು ರಾತ್ರಿ ನೋಡದೆ ಓಡುತ್ತಿದ್ದ ವರ್ಷಗಳವು. ಊರಿನಾಚೆ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಲಾರಿಗಳ ತೂಕದ ಚೀಟಿ ತೆಗೆಯುವುದು ನನ್ನ ಕೆಲಸ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಓಣಿ ದಾಟಿದರೆ ಕಾಲುವೆ, ಕಾಲುವೆಗೆ ಕಲ್ಲಿನ ಮೆಟ್ಟಿಲು. ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಬಂದಾಗ ಪಡಸಾಲೆಯಲ್ಲಿ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಟೊಮೆಟೊ ಬುಟ್ಟಿ. ಬುಟ್ಟಿಯ ಮೇಲೆ ಅವಳ ಹಳೆಯ ರವಿಕೆಯ ಬಟ್ಟೆ ಮುಚ್ಚಿತ್ತು. ಬಟ್ಟೆಯ ಕೆಳಗೆ ಏನೋ ಉಸಿರಾಡುತ್ತಿತ್ತು.

ಅಕ್ಕನನ್ನು ಸಂಡೂರಿನಾಚೆ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವಳಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಆ ಮಗುವನ್ನು ಮಣ್ಣು ಮಾಡಿ ನಾವು ಹೊಸಪೇಟೆಗೆ ಮರಳಿ ಇನ್ನೂ ವಾರವಾಗಿರಲಿಲ್ಲ.

ಆಗ ಗುಡ್ಡಗಳನ್ನಷ್ಟೇ ಅಲ್ಲ, ಬಯಲಿನ ಹೊಲಗಳನ್ನೂ ಅಗೆಯುತ್ತಿದ್ದರು. ಮೇಲ್ಮಣ್ಣಿನಲ್ಲೇ ಅದಿರು ಸಿಗುತ್ತಿತ್ತು. ಭಾವನವರು ತಮ್ಮ ಶೇಂಗಾ ಹೊಲದ ಒಂದು ಮೂಲೆಯನ್ನು ಯಾರಿಗೋ ಅಗೆಯಲು ಕೊಟ್ಟಿದ್ದರು. ಅಗೆದವರು ಗುಂಡಿ ಮುಚ್ಚಿಕೊಡುತ್ತೇವೆಂದು ಹೇಳಿ ಹೋದರು, ತಿರುಗಿ ಬರಲಿಲ್ಲ. ಮಳೆ ಬಂತು, ಗುಂಡಿ ತುಂಬಿತು. ನೀರು ಎಷ್ಟು ಕೆಂಪಗಿತ್ತೆಂದರೆ ಮೊಣಕಾಲುದ್ದವೋ ಆಳುದ್ದವೋ ದಂಡೆಯಲ್ಲಿ ನಿಂತವರಿಗೆ ತಿಳಿಯುತ್ತಿರಲಿಲ್ಲ. ಶಾಲೆಗೆ ರಜೆಯಿದ್ದ ಒಂದು ದಿನ ಮಧ್ಯಾಹ್ನ ಮಗು ಆ ಕಡೆ ಹೋಗಿತ್ತು. ಅದರ ಜೊತೆ ಅದರ ಬಾತು ಇತ್ತು. ಇಳಿಹೊತ್ತಿನಲ್ಲಿ ಕುರಿ ಕಾಯುವವನೊಬ್ಬ ಆ ದಾರಿಯಲ್ಲಿ ಬಂದಾಗ ಗುಂಡಿಯ ನಡುವೆ ಬಾತೊಂದು ಒಂದೇ ಜಾಗದಲ್ಲಿ ಸುತ್ತುತ್ತಾ ಕೂಗುತ್ತಿತ್ತಂತೆ. ಅವನು ಜನರನ್ನು ಕರೆದ.

ಬಾತು ನೀರಿಗಿಳಿಯಿತು, ಅದನ್ನು ಹಿಡಿಯಲು ಮಗು ಬೆನ್ನುಹತ್ತಿತು. ಊರವರು ಹೀಗೆಂದು ತೀರ್ಮಾನಿಸಿದರು. ಬಾತು ನೀರಿನ ಪಕ್ಷಿ, ಅದಲ್ಲದೆ ಇನ್ನೇನು? ಭಾವನವರೂ ಅದನ್ನೇ ನಂಬಿದರು. ಮಗುವನ್ನು ಹೊತ್ತು ಮನೆಗೆ ಬರುವಾಗ ಬಾತು ಜನರ ಕಾಲುಗಳ ನಡುವೆ ನುಸುಳುತ್ತಾ ಹಿಂದೆಯೇ ಬಂತಂತೆ. ಅಂಗಳಕ್ಕೆ ಬಂದಾಗ ಭಾವನವರು ತಿರುಗಿ ನೋಡಿದರು, ಗೋಡೆಗೆ ಆನಿಸಿದ್ದ ಬಡಿಗೆ ತೆಗೆದು ಬೀಸಿದರು. ಅದು ಸಾಯಲಿಲ್ಲ. ಎಡಗಾಲು ಮುರಿಯಿತು. ಆ ಗದ್ದಲದಲ್ಲಿ ಎಲ್ಲಿ ಹೋಗಿ ಬಿತ್ತೆಂದು ಯಾರೂ ನೋಡಲಿಲ್ಲ, ಸುದ್ದಿ ತಿಳಿದು ಹೋದ ನಾವೂ ನೋಡಲಿಲ್ಲ. ಎಲ್ಲರೂ ಹೋದ ಮೇಲೆ ಅಕ್ಕನೇ ದನದ ಕೊಟ್ಟಿಗೆಯಲ್ಲಿ ಅದನ್ನು ಹುಡುಕಿ ತೆಗೆದಿದ್ದಳು. ಈಗ ಗಂಡನಿಗೆ ಒಂದು ಮಾತೂ ಹೇಳದೆ ಬಸ್ಸು ಹತ್ತಿ ಬಂದಿದ್ದಳು.

ಆ ಬಾತು ನಮ್ಮ ಕಡೆಯಿಂದಲೇ ಹೋದದ್ದು, ಅದೊಂದು ಬೇರೆ ಸಂಕಟ. ಕಂಪ್ಲಿಯಲ್ಲಿ ನಮ್ಮ ಸೋದರಮಾವನ ಗದ್ದೆಗಳಿವೆ. ಭತ್ತ ಕೊಯ್ದ ಮೇಲೆ ಆಂಧ್ರದ ಕಡೆಯಿಂದ ಬಾತು ಮೇಯಿಸುವವರು ನೂರಾರು ಬಾತುಗಳನ್ನು ಹೊಡೆದುಕೊಂಡು ಬಂದು ಕೂಳೆ ಗದ್ದೆಗಳಲ್ಲಿ ಬಿಡುತ್ತಾರೆ. ಹಿಂದಿನ ವರ್ಷ ಮಗು ಅಲ್ಲಿಗೆ ಹೋಗಿದ್ದಾಗ ಅವರಲ್ಲೊಬ್ಬ ಹಳದಿ ಮರಿಯೊಂದನ್ನು ಅದರ ಅಂಗೈಯಲ್ಲಿಟ್ಟ. ಮಗು ಅದನ್ನು ಫ್ರಾಕಿನ ಜೇಬಿನಲ್ಲಿಟ್ಟುಕೊಂಡು ಊರಿಗೆ ಒಯ್ದಿತು. ತಾಯಿಯ ಮುಖವನ್ನೇ ನೋಡದ ಆ ಮರಿ ಮಗುವನ್ನೇ ತಾಯಿ ಅಂದುಕೊಂಡಿತು. ಮಗು ನಡೆದರೆ ಅದು ನಡೆಯುವುದು, ಮಗು ಕೂತರೆ ಅದು ಕೂರುವುದು. ಶಾಲೆಯ ಗೇಟಿನವರೆಗೂ ಹೋಗಿ ಬೈಸಿಕೊಂಡು ಬರುತ್ತಿತ್ತು. ದಸರೆಗೆ ಎರಡೂ ನಮ್ಮ ಮನೆಗೆ ಬಂದಾಗ ನಾನೇ ಕಣ್ಣಾರೆ ಕಂಡಿದ್ದೆ. “ಚಿಗವ್ವ, ಇದು ನನ್ನ ಬಾಲ,” ಎಂದು ಮಗು ಹೇಳಿತ್ತು. ಬಾಲ ಅಂಗಳ ಹೊಲಸು ಮಾಡಿದರೆ ತೊಳೆಯುವವರು ಯಾರೆಂದು ನಾನು ಕೇಳಿದ್ದೆ.

ನಮ್ಮದು ಶೈವರ ಮನೆ. ಲಿಂಗಪೂಜೆಯಾಗದೆ ಅವ್ವ ಬಾಯಿಗೆ ನೀರು ಹಾಕುವವಳಲ್ಲ. ಕೋಳಿ ಸಾಕುವ ಮನೆಯ ಮುಂದೆ ಹಾಯುವಾಗಲೂ ಸೆರಗು ಬಿಗಿಹಿಡಿಯುವವಳು. ಅವಳು ಆ ಬುಟ್ಟಿಯನ್ನು ನೋಡಿ, ಮಗಳ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗಿ ಉದ್ದಿನ ಹಿಟ್ಟು ಕಲಸಿಕೊಂಡು ಬಂದಳು. ಮುರಿದ ಕೈಕಾಲಿಗೆ ಪಟ್ಟು ಹಾಕುವವರು ಮೊಟ್ಟೆ ಬಳಸುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಕಸಬರಿಗೆಯ ಕಡ್ಡಿಗಳನ್ನು ಕಾಲಿನ ಎರಡೂ ಬದಿಗಿಟ್ಟು, ಹಿಟ್ಟು ಮೆತ್ತಿ, ಹಳೆಯ ಸೀರೆಯ ಅಂಚಿನಿಂದ ಸುತ್ತಿದಳು. ನಾನು ಬಾತನ್ನು ಹಿಡಿದುಕೊಂಡಿದ್ದೆ. ಅದರ ಎದೆ ನನ್ನ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು. ಅಕ್ಕ ದೂರ ಕೂತು, ತನ್ನದೇ ಕಾಲಿಗೆ ಕಟ್ಟುತ್ತಿದ್ದಾರೇನೋ ಎಂಬಂತೆ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಸಂಜೆಯೊಳಗೆ ಬಾತು ಆ ಹಿಟ್ಟನ್ನೆಲ್ಲ ಕುಕ್ಕಿ ತಿಂದು ಮುಗಿಸಿತ್ತು. ಅವ್ವ ಮತ್ತೆ ಕಲಸಿದಳು. ಅದು ಮತ್ತೆ ತಿಂದಿತು. ಕೊನೆಗೆ ನಾನು ಬರೀ ಕಡ್ಡಿ, ಬಟ್ಟೆ ಕಟ್ಟಿ, ಮೇಲೆ ಆಫೀಸಿನ ಸೆಲ್ಲೋಟೇಪು ಸುತ್ತಿದೆ.

ಮರುದಿನದಿಂದ ಮನೆಯಲ್ಲಿ ಮುಚ್ಚಳಗಳು ಶುರುವಾದವು.

ಹೊಸಪೇಟೆಯಲ್ಲಿ ಅಣೆಕಟ್ಟು ಮಗ್ಗುಲಲ್ಲೇ ಇದ್ದರೂ ನಲ್ಲಿಯಲ್ಲಿ ನೀರು ಬರುವುದು ಒಂದು ದಿನ ಬಿಟ್ಟು ಒಂದು ದಿನ. ಹಾಗಾಗಿ ಎಲ್ಲರ ಮನೆಯಂತೆ ನಮ್ಮ ಮನೆಯೂ ನೀರು ತುಂಬಿದ ಪಾತ್ರೆಗಳ ಸಂತೆ. ಹಿತ್ತಲಲ್ಲಿ ಡ್ರಮ್ಮು, ಬಚ್ಚಲಲ್ಲಿ ಹಂಡೆ, ಅಡುಗೆಮನೆಯಲ್ಲಿ ಕೊಡಗಳ ಸಾಲು. ಅಕ್ಕ ಒಂದೊಂದನ್ನೂ ಮುಚ್ಚಿದಳು. ತಾಟು, ಮೊರ, ರೊಟ್ಟಿ ಬುಟ್ಟಿ, ಸಿಕ್ಕಿದ್ದೆಲ್ಲ ಮುಚ್ಚಳವಾಯಿತು. ಮೇಲೊಂದು ಭಾರ. ಡ್ರಮ್ಮಿನ ಮೇಲೆ ಒರಳಿನ ಗುಂಡು ಕೂತಿತು. ನಾನು ಒಂದು ತಂಬಿಗೆ ನೀರು ತೆಗೆದುಕೊಂಡು ಬರುವಷ್ಟರಲ್ಲಿ ಅವಳು ಹಿಂದೆಯೇ ಹೋಗಿ ಮುಚ್ಚಿರುತ್ತಿದ್ದಳು. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು, ಆಯಿತೇ, ಆಯಿತೇ ಎಂದು ಕೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು. ಆಮೇಲೆ ಮತ್ತೆ ಸಿಟ್ಟೇ ಬರುತ್ತಿತ್ತು.

ಬಾತಿಗೂ ಅದೇ ಕಾಯಿದೆ. ಕುಡಿಯಲು ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಬೆರಳು ತೋಯುವಷ್ಟು ನೀರು. ಅದು ತಟ್ಟೆಗೆ ಕೊಕ್ಕು ಉಜ್ಜಿ ಟಣಟಣ ಸದ್ದು ಮಾಡಿ, ತಲೆಯೆತ್ತಿ ಅಕ್ಕನನ್ನು ನೋಡುತ್ತಿತ್ತು. ಇನ್ನೊಂದಿಷ್ಟು ಹಾಕೆಂದರೆ ಅಕ್ಕನಿಗೆ ಕೇಳಿಸುತ್ತಲೇ ಇರಲಿಲ್ಲ. ಊಟದಲ್ಲಿ ಮಾತ್ರ ಕೊರತೆಯಿಲ್ಲ. ಅನ್ನ, ಹಾಲು, ನೆನೆಸಿದ ಕಡಲೆ, ಅವ್ವನ ಪೂಜೆಯ ಬಾಳೆಹಣ್ಣು. ಅದು ಪಡಸಾಲೆಯ ಮೂಲೆಯಲ್ಲಿ ಜಿರಳೆ ಹಿಡಿದಾಗ ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ನಾಮಸ್ಮರಣೆ ಮಾಡುತ್ತಿದ್ದಳು. ಆಮೇಲೆ ಅದರ ತಲೆಗೂ ಒಂದು ಚಿಟಿಕೆ ವಿಭೂತಿ ಹಚ್ಚುತ್ತಿದ್ದಳು. ಶುದ್ಧ ಮಾಡಲಿಕ್ಕೋ, ಕಾಪಾಡಲಿಕ್ಕೋ, ನಾನು ಕೇಳಲಿಲ್ಲ.

ಹಗಲು ಹೇಗೋ ಕಳೆಯುತ್ತಿತ್ತು. ಹೆದರಿಕೆ ಮಟಮಟ ಮಧ್ಯಾಹ್ನದ್ದು.

ಬಿಸಿಲು ನೆತ್ತಿಗೆ ಬಂದು, ಓಣಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬಾತು ಇದ್ದಕ್ಕಿದ್ದಂತೆ ಕತ್ತು ಉದ್ದ ಮಾಡುತ್ತಿತ್ತು. ಬಾಗಿಲ ಕಡೆ ನೋಡುತ್ತಿತ್ತು. ಬಾಲ ಅಲ್ಲಾಡಿಸಿ, ತಲೆಯನ್ನು ಮೇಲೆ ಕೆಳಗೆ ಆಡಿಸಿ, ಗುರುತಿನವರು ಬಂದಾಗ ಮಾಡುವಂತೆ ಒಂದು ಸಣ್ಣ ಸದ್ದು ಮಾಡುತ್ತಿತ್ತು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಸ್ವಲ್ಪ ಕಾದು ನೋಡಿ ಆಮೇಲೆ ಕೂಗಲು ಶುರುಮಾಡುತ್ತಿತ್ತು. ಹೆಣ್ಣು ಬಾತಿನ ಗಂಟಲೆಂದರೆ ಕೇಳಬೇಡಿ, ಮೂರು ಓಣಿಗೆ ಮುಟ್ಟುತ್ತದೆ. ಅದು ಕೂಗಿದ ಕೂಡಲೇ ಅಕ್ಕ ಏನು ಮಾಡುತ್ತಿದ್ದರೂ ಬಿಟ್ಟು ಓಡಿ ಬರುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಸೀದುಹೋಗುತ್ತಿತ್ತು. ಒಮ್ಮೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ಕೂದಲು ಕೆದರಿಕೊಂಡೇ ಬೀದಿಗೆ ಓಡಿದಳು. ಅಲ್ಲಿ ನಿಂತು ಎರಡೂ ಕಡೆ ನೋಡಿ, ನಿಧಾನಕ್ಕೆ ಒಳಗೆ ಬಂದು, ಬಾತಿನ ಪಕ್ಕ ಕೂರುತ್ತಿದ್ದಳು. ಇದು ದಿನಾ ನಡೆಯುತ್ತಿತ್ತು.

ಪಕ್ಕದ ಮನೆಯಾಕೆ ಅವ್ವನ ಕಿವಿಯಲ್ಲಿ ಹೇಳಿದಳು: ಮಗು ಬರ್ತೈತ್ರೀ, ಬಾತಿನ ಕಣ್ಣಿಗೆ ಕಾಣ್ತೈತಿ. ನಾನು ಆಕೆಯನ್ನು ಅಲ್ಲೇ ತರಾಟೆಗೆ ತೆಗೆದುಕೊಂಡೆ. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ನಮ್ಮ ಪಡಸಾಲೆಯ ಮೇಲೆ ಅದಿರಿನ ಧೂಳು ಹೇಗೆ ಕೂರುತ್ತಿತ್ತೆಂದರೆ, ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನಕ್ಕೆ ಕೆಂಪು ಕಾಗದದಂತೆ ಇರುತ್ತಿತ್ತು. ಅದರ ಮೇಲೆ ಬಾತಿನ ಒಂದು ಹೆಜ್ಜೆ, ಒಂದು ಎಳೆದ ಗೀರು, ಒಂದು ಹೆಜ್ಜೆ, ಒಂದು ಗೀರು ಬಾಗಿಲವರೆಗೂ ಮೂಡಿರುತ್ತಿದ್ದವು. ಒಂದು ದಿನ ನಾನು ಬಗ್ಗಿ ಆ ಗುರುತುಗಳ ಪಕ್ಕ ಬೇರೆ ಹೆಜ್ಜೆಯೇನಾದರೂ ಇದೆಯೇ ಎಂದು ನೋಡುತ್ತಿದ್ದೆ. ಸಣ್ಣ ಪಾದ, ಐದು ಬೆರಳು. ಏನು ಮಾಡುತ್ತಿದ್ದೇನೆಂದು ತಿಳಿದಾಗ ಥಟ್ಟನೆ ಎದ್ದು ನಿಂತೆ. ಇರಲಿಲ್ಲ. ಇರಲಿಲ್ಲವಲ್ಲ ಎಂದು ಸಮಾಧಾನವಾಯಿತೋ ಬೇಸರವಾಯಿತೋ ಈಗಲೂ ಹೇಳಲಾರೆ.

ಭಾವನವರು ಮೊದಲ ಸಲ ಬಂದದ್ದು ಆ ದಿನಗಳಲ್ಲೇ. ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತರು. ಅವ್ವ ಚಹಾ ಕೊಟ್ಟಳು, ಅದು ಕೆನೆಗಟ್ಟಿತು. ಅವರು ಬಾತಿನ ಕಡೆ ಒಮ್ಮೆಯೂ ನೋಡಲಿಲ್ಲ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದರು. ನನಗೆ ಅವರ ಮೇಲೆ ಇದ್ದ ಕೋಪವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಊರಿಗೆ ಬಾ ಎಂದು ಅಕ್ಕನನ್ನು ಕರೆದರು. ಅಕ್ಕ ಬಾಗಿಲ ಸಂದಿಯಿಂದಲೇ ಹೇಳಿದಳು:

“ಬಾತು ನಡಿಲಿ. ಆಮ್ಯಾಲೆ ನೋಡೋಣು.”

ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು. ಅಲ್ಲಿಂದ ನಮಗೆಲ್ಲರಿಗೂ ಗೊತ್ತಾಯಿತು, ಈ ಬಾತು ಸತ್ತರೆ ಅಕ್ಕ ಬದುಕುವುದು ಕಷ್ಟ. ಆಫೀಸಿನಿಂದ ಬರುವಾಗ ಓಣಿಯ ತುದಿಯಲ್ಲಿ ನಿಂತು ಅದರ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡುವುದು ನನಗೆ ಅಭ್ಯಾಸವಾಯಿತು.

ಮೂಳೆಯೇನೋ ಕೂಡಿತು. ಕಟ್ಟು ಬಿಚ್ಚಿದೆವು. ಬಾತು ಮಾತ್ರ ಕಾಲೆಳೆದು ತೆವಳುತ್ತಿತ್ತೇ ಹೊರತು ನಡೆಯಲಿಲ್ಲ. ಎದ್ದು ನಿಂತು ಎಡಗಾಲು ಊರಿದ ಕೂಡಲೇ ಮಗ್ಗುಲಿಗೆ ಉರುಳುತ್ತಿತ್ತು. ಕೂತೂ ಕೂತೂ ಎದೆಯ ಪುಕ್ಕ ಉದುರಿ ಚರ್ಮ ಕೆಂಪಾಯಿತು. ಅದಕ್ಕಿಂತ ಹೆಚ್ಚಾಗಿ ಕಣ್ಣು ಕೆಟ್ಟಿತು. ಮೊದಲು ನೊರೆಯಂಥ ಪಿಸುರು, ಆಮೇಲೆ ರೆಪ್ಪೆಗಳೇ ಅಂಟಿಕೊಂಡವು. ಬಲಗಣ್ಣು ಪೂರ್ತಿ ಮುಚ್ಚಿದ ದಿನ ಅಕ್ಕ ಬುಟ್ಟಿ ಎತ್ತಿಕೊಂಡಳು. ನಾನು ರಜೆ ಹಾಕಿ ಜೊತೆಗೆ ಹೋದೆ.

ದನದ ಆಸ್ಪತ್ರೆಯಲ್ಲಿ ಒಂದು ಎಮ್ಮೆ, ಎರಡು ಆಡು, ನಾವು. ಡಾಕ್ಟರು ಬಾತನ್ನು ತಿರುವಿ ಮುರುವಿ ನೋಡಿದರು. ಸಿಟ್ಟಿನ ಮನುಷ್ಯ, ಅಥವಾ ದಣಿದಿದ್ದರು. ಇದಕ್ಕೆ ಔಷಧಿ ಏನೂ ಬೇಡ, ನೀರು ಬೇಕು ಅಂದರು. ಬಾತು ನೀರಿನಲ್ಲಿ ತಲೆ ಮುಳುಗಿಸಿಯೇ ಕಣ್ಣು ಮೂಗು ತೊಳೆದುಕೊಳ್ಳುವುದು, ತಟ್ಟೆಯಲ್ಲಿ ಕುಡಿಸಿದರೆ ಕಣ್ಣು ಹೋಗದೆ ಏನಾಗುತ್ತದೆ? ಕಾಲಿಗೂ ಅದೇ, ತೇಲುವಾಗ ಮೈಭಾರ ಕಾಲಿನ ಮೇಲೆ ಬೀಳುವುದಿಲ್ಲ, ಆಡಿಸಿ ಆಡಿಸಿ ಬಲ ಬರುತ್ತದೆ. ಇಷ್ಟು ಹೇಳಿ, ಕಾಲುವೆ ದಂಡೆಯಲ್ಲೇ ಮನೆ ಇಟ್ಟುಕೊಂಡು ಬಾತಿಗೆ ನೀರು ಇಲ್ಲ ಅಂದರೆ ಏನ್ರಮ್ಮಾ ನೀವು ಎಂದು ನಕ್ಕರು. ಅವರಿಗೆ ಏನು ಗೊತ್ತು ಪಾಪ. ಅಕ್ಕ ಬುಟ್ಟಿಯನ್ನು ಎದೆಗೊತ್ತಿಕೊಂಡು ಹೊರನಡೆದಳು.

ಮನೆಯಲ್ಲಿ ಒಂದು ಹನಿಯೂ ಹೆಚ್ಚಾಗಲಿಲ್ಲ. ಅದೇ ತಟ್ಟೆ, ಅದೇ ಬೆರಳು ತೋಯುವ ನೀರು. ಅವಳು ಹತ್ತಿಯನ್ನು ಬಿಸಿನೀರಲ್ಲಿ ಅದ್ದಿ ಬಾತಿನ ಕಣ್ಣೊರೆಸುತ್ತಿದ್ದಳು, ಗಂಟೆಗಟ್ಟಲೆ. ರೆಪ್ಪೆ ಬಿಡಿಸಿದರೆ ಸಂಜೆಗೆ ಮತ್ತೆ ಅಂಟುತ್ತಿತ್ತು. ಎಡಗಣ್ಣಿಗೂ ಪಿಸುರು ಬಂತು. ಅದು ತಿನ್ನುವುದನ್ನು ಕಡಿಮೆ ಮಾಡಿತು. ಮಧ್ಯಾಹ್ನ ಕೂಗುವುದು ಮಾತ್ರ ನಿಲ್ಲಿಸಲಿಲ್ಲ. ಕಾಣದ ಕಣ್ಣಿನಿಂದಲೇ ಬಾಗಿಲ ಕಡೆ ತಿರುಗಿ ಬಾಲ ಅಲ್ಲಾಡಿಸುತ್ತಿತ್ತು.

ಅವ್ವ ಮತ್ತು ನಾನು ಒಂದು ಸಂಚು ಹೂಡಿದೆವು. ಹಿತ್ತಲಲ್ಲಿ ಎಮ್ಮೆ ಕಟ್ಟುತ್ತಿದ್ದ ಕಾಲದ ಕಲ್ಲಿನ ತೊಟ್ಟಿಯಿತ್ತು. ಅಕ್ಕ ಮಲಗಿದ್ದಳು, ಹಗಲಲ್ಲಿ ಅವಳಿಗೆ ನಿದ್ದೆ ಬರುವುದೇ ಅಪರೂಪ. ಸದ್ದಾಗದಂತೆ ತಂಬಿಗೆ ತಂಬಿಗೆಯಾಗಿ ಸುರಿದು ತೊಟ್ಟಿ ತುಂಬಿದೆವು. ಬಾತನ್ನು ಅಂಚಿನಲ್ಲಿಟ್ಟೆವು. ನೀರಿನ ವಾಸನೆಗೇ ಜಿಗಿಯುತ್ತದೆ ಎಂದುಕೊಂಡಿದ್ದೆ. ಜಿಗಿಯಲಿಲ್ಲ. ಅಂಚಿನಲ್ಲೇ ಕುಗ್ಗಿ ಕೂತಿತು. ನಾನು ಎತ್ತಿ ಒಳಗೆ ಬಿಟ್ಟೆ. ಅದು ರೆಕ್ಕೆ ಬಡಿದು, ನೀರು ಎರಚಿ, ಕಲ್ಲಿಗೆ ಉಗುರು ಗೀರಿ, ಕಿರುಚಿಕೊಂಡು ಹೊರಬಿತ್ತು. ಇದಕ್ಕೂ ಆ ಗುಂಡಿ ನೆನಪಾಗಿರಬೇಕೆಂದು ಅವ್ವ ಪಿಸುಗುಟ್ಟಿದಳು.

ತಿರುಗಿ ನೋಡಿದರೆ ಅಕ್ಕ ನಿಂತಿದ್ದಳು. ತೊಟ್ಟಿಯ ತಳದ ಬಟ್ಟೆಬೆಣೆಯನ್ನು ಕಿತ್ತಳು. ನೀರೆಲ್ಲ ಹಿತ್ತಲ ತುಂಬ ಹರಿದು, ಧೂಳಿನೊಂದಿಗೆ ಕಲೆತು, ಕೆಂಪಗೆ ನಮ್ಮ ಕಾಲಬುಡಕ್ಕೆ ಬಂತು. ಅದನ್ನು ನೋಡಿ ಅವಳು ಹಿಂದೆ ಸರಿದಳು. ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಬಾತು ಸಾಯಲಿ ಎಂದೇ ತಂದಿಟ್ಟುಕೊಂಡಿದ್ದೀಯಾ, ಅದೇ ಮಗುವನ್ನು ಕರೆದೊಯ್ದದ್ದೆಂದು ನೀನೂ ಸೇಡು ತೀರಿಸುತ್ತಿದ್ದೀಯಾ ಎಂದು ಕೇಳಿಬಿಟ್ಟೆ. ಅವ್ವ ನನ್ನ ಬಾಯಿಗೆ ಕೈ ಅಡ್ಡ ತಂದಳು.

ಅಕ್ಕ ಅಳಲಿಲ್ಲ. ಬಾತನ್ನು ಎತ್ತಿ, ಸೆರಗಿನಿಂದ ಒರೆಸುತ್ತಾ ಹೇಳಿದಳು:

“ಎಲ್ಲಾರೂ ಹಂಗಂತಾರ. ಇದು ಮುಂದ ಹೋತು, ಆಕಿ ಹಿಂದ ಹೋದ್ಲು ಅಂತ. ಯಾರು ನೋಡ್ಯಾರ? ಇದೊಂದ ನೋಡೇತಿ. ಇದು ಸತ್ರ ನನಗ ಹೇಳಾರು ಯಾರದಾರ?”

ಆಗ ನನಗೆ ತಿಳಿಯಿತು, ಅವಳು ಸಾಕುತ್ತಿದ್ದದ್ದು ಬಾತನ್ನಲ್ಲ. ಆ ಮಧ್ಯಾಹ್ನವನ್ನು. ಅದು ಬಾಯಿಬಿಡುತ್ತದೆಂದು ಕಾಯುತ್ತಿದ್ದಳು. ಬಾತು ಬಾಯಿಬಿಡುವುದುಂಟೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಯಾಕೆಂದರೆ ನಾನೂ ಧೂಳಿನಲ್ಲಿ ಹೆಜ್ಜೆ ಹುಡುಕಿದವಳೇ.

ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಬಾತು ಎಂದಿನಂತೆ ಕತ್ತು ಉದ್ದ ಮಾಡಿತು. ಕೂಗಲು ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಒಡಕು ಗಾಳಿಯಂಥದೇನೋ ಬಂತು. ಎಡಗಣ್ಣೂ ಮುಚ್ಚಿಹೋಗಿತ್ತು. ಅಕ್ಕ ಅದರ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದಳು. ಹತ್ತಿ ಅದ್ದಿ ಎಡಗಣ್ಣಿನ ರೆಪ್ಪೆ ಬಿಡಿಸಿದಳು. ಆಮೇಲೆ ಅದನ್ನು ಎತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ಎಲ್ಲಿಗೆ ಎಂದು ನಾನು ಕೇಳಿದೆ. ಅವಳು ಕಾಲುವೆಯ ಕಡೆ ತಿರುಗಿದಾಗ ಅವ್ವ ನನ್ನನ್ನು ಹಿಂದಿನಿಂದ ನೂಕಿದಳು: ಹೋಗು, ಬಿಡಬ್ಯಾಡ ಆಕಿನ್ನ.

ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕಾಲುವೆ ತುಂಬಿ ಹರಿಯುತ್ತಿತ್ತು. ಅಕ್ಕ ನೀರಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಳು. ಬಾತನ್ನು ಕೆಳಗಿಟ್ಟಳು. ನೀರು ಅದರ ಮುಂದೆ ಗೇಣು ದೂರದಲ್ಲಿತ್ತು. ಬಾತು ಕತ್ತು ಚಾಚಿ ನೀರಿನ ಸದ್ದು ಕೇಳಿತು. ಇಳಿಯಲಿಲ್ಲ. ಅಕ್ಕ ಮೆಲ್ಲಗೆ ಹಿಂದಿನಿಂದ ತಳ್ಳಿದಳು. ಅದು ತೆವಳಿಕೊಂಡು ತಿರುಗಿ ಬಂದು ಅವಳ ಹಿಮ್ಮಡಿಯ ಹಿಂದೆ ಸೇರಿಕೊಂಡಿತು. ಮತ್ತೆ ತಳ್ಳಿದಳು, ಮತ್ತೆ ಹಿಂದೆ ಬಂತು. ಒಗೆಯುವವರಲ್ಲೊಬ್ಬಳು, ಅದೇನವ್ವಾ ನೀರಿಗಂಜೋ ಬಾತು ಎಂದು ನಕ್ಕಳು.

ಅಕ್ಕ ನಗಲಿಲ್ಲ. ನೀರನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ನಿರಿಗೆ ಎತ್ತಿ ಹಿಡಿದು ಒಂದು ಮೆಟ್ಟಿಲು ಇಳಿದಳು. ನೀರು ಪಾದ ಮುಚ್ಚಿತು. ಹಿಂದೆಯೇ ಬಾತು ಧೊಪ್ಪೆಂದು ನೀರಿಗೆ ಬಿತ್ತು. ಇನ್ನೊಂದು ಮೆಟ್ಟಿಲು ಇಳಿದಳು, ನೀರು ಮೊಣಕಾಲಿಗೆ ಬಂತು. ಬಾತು ತೇಲಿತು. ತಲೆ ಮುಳುಗಿಸಿತು, ಎತ್ತಿತು, ಮುಳುಗಿಸಿತು, ಕೊಡವಿತು. ನೀರಿನೊಳಗೆ ಅದರ ಎರಡೂ ಕಾಲು ಹುಟ್ಟು ಹಾಕುತ್ತಿದ್ದವು, ಎಡಗಾಲು ಸ್ವಲ್ಪ ಸೊಟ್ಟಗೆ. ನನಗೆ ಖುಷಿಯಲ್ಲಿ ಕೂಗಬೇಕೆನಿಸಿತು. ಅಷ್ಟರಲ್ಲಿ ಅಕ್ಕ ತಿರುಗಿ ಮೇಲೆ ಬಂದಳು. ಬಾತೂ ಹಿಂದೆಯೇ ಬಂತು, ಮೆಟ್ಟಿಲಿಗೆ ಎದೆ ಹಚ್ಚಿ ಒದ್ದಾಡಿಕೊಂಡು. ಅವಳು ಮೇಲೆ ನಿಂತು ಕಾದಳು. ಬಾತು ನೀರಿನ ಕಡೆ ನೋಡಲೂ ಇಲ್ಲ. ಅವಳು ಮತ್ತೆ ಇಳಿದಳು, ಅದೂ ಇಳಿಯಿತು. ಹತ್ತಿದಳು, ಹತ್ತಿತು.

ಅವಳು ಹೀಗೆ ಎಷ್ಟು ಸಲ ಹತ್ತಿ ಇಳಿದಳೋ. ಒಗೆಯುವವರು ಕೈ ನಿಲ್ಲಿಸಿ ನೋಡುತ್ತಿದ್ದರು. ಒಂದೊಂದು ಸಲಕ್ಕೂ ಅವಳು ಇನ್ನಷ್ಟು ಆಳಕ್ಕೆ ಹೋಗುತ್ತಿದ್ದಾಳೆಂದು ನನಗೆ ತಡವಾಗಿ ಹೊಳೆಯಿತು. ನೀರು ಸೊಂಟಕ್ಕೆ ಬಂದಾಗ ನಾನು ಬಟ್ಟೆ ಸಮೇತ ಇಳಿದು ಅವಳ ರಟ್ಟೆ ಹಿಡಿದೆ. ಬಾತು ಅವಳ ಬೆನ್ನಿಗೆ ಅಂಟಿಕೊಂಡಂತೆ ತೇಲುತ್ತಿತ್ತು. ಹರಿಯುವ ನೀರು ಅದನ್ನು ಎಳೆಯುತ್ತಿತ್ತು, ಅದು ಹುಟ್ಟು ಹಾಕಿ ಹಾಕಿ ಅವಳ ಪಕ್ಕಕ್ಕೇ ಬರುತ್ತಿತ್ತು.

“ಇದು ಮುಂದ ಹೋಗಂಗಿಲ್ಲ,” ಅಂದಳು ಅಕ್ಕ. ನನಗೆ ಹೇಳಿದಳೋ ನೀರಿಗೆ ಹೇಳಿದಳೋ. “ನೋಡಿದ್ಯಾ? ಇದು ಮುಂದ ಹೋಗಾದ ಅಲ್ಲ. ಆಕಿನ ಇಳಿದಾಳ. ಇದು ಬೆನ್ನ ಹತ್ತೇತಿ.”

ಮನೆಗೆ ಹೋಗೋಣ ಎಂದು ನಾನು ಎಳೆದೆ. ಅವಳು ಬಂಡೆಯಂತೆ ನಿಂತಿದ್ದಳು. ನೀರಲ್ಲಿ ಕೈಯಿಟ್ಟು ಬಾತಿನ ಹೊಟ್ಟೆಯ ಕೆಳಗೆ ಹಿಡಿದಳು. “ಒಬ್ಬಾಕಿ ಇದ್ದಿಲ್ಲ ಆಕಿ,” ಅಂದಳು. ಆಮೇಲೆ ಅವಳು ಅತ್ತಳು. ಮಗು ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಗೆಯುತ್ತಿದ್ದ ಹೆಂಗಸರು ಇಳಿದು ಬಂದು ನಮ್ಮಿಬ್ಬರನ್ನೂ ಮೇಲಕ್ಕೆ ಎಳೆದರು. ಅವರಿಗೆ ಏನೂ ಗೊತ್ತಿರಲಿಲ್ಲ, ಆದರೂ ಅವರಲ್ಲೊಬ್ಬಳು ಅಕ್ಕನ ತಲೆ ಎದೆಗೊರಗಿಸಿಕೊಂಡು ತಾನೂ ಅತ್ತಳು.

ಆಮೇಲೆ ದಿನವೂ ಕಾಲುವೆಗೆ ಹೋದೆವು. ಕಣ್ಣು ತೆರೆಯಿತು. ಕಾಲು ಸೊಟ್ಟಗಾದರೂ ಊರಿತು. ಬಾತು ಕುಂಟುತ್ತಾ ಅಕ್ಕನ ಹಿಂದೆ ಓಣಿಯಲ್ಲಿ ನಡೆಯುತ್ತಿತ್ತು. ಮಕ್ಕಳು ನೋಡಲು ಬರುತ್ತಿದ್ದರು. ಹಾಗಂತ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗಂಟಲು ಬಂದ ಮೇಲೆ ಮಧ್ಯಾಹ್ನದ ಕೂಗೂ ತಿರುಗಿ ಬಂತು. ಬಾಗಿಲ ಕಡೆ ಅದೇ ನೋಟ, ಅದೇ ಬಾಲ. ಅಕ್ಕ ಅದೇ ರೀತಿ ಓಡುತ್ತಿದ್ದಳು. ನಿಜ ತಿಳಿದ ಮೇಲೂ ಯಾಕೆ ಓಡುತ್ತಾಳೆಂದು ನನಗೆ ಅರ್ಥವಾಗುತ್ತಿರಲಿಲ್ಲ.

ಭಾವನವರು ಮತ್ತೆ ಬಂದರು. ಈ ಸಲ ಅವ್ವ ಬಲವಂತ ಮಾಡಿ ಒಳಗೆ ಕರೆದು ಪಡಸಾಲೆಯಲ್ಲಿ ಕೂರಿಸಿದಳು. ಅಕ್ಕ ಬಂದು ಕಂಬಕ್ಕೊರಗಿ ನಿಂತಳು, ಅವಳ ಹಿಂದೆ ಬಾತು. ಅವರನ್ನು ಕಂಡದ್ದೇ ಅದು ಅವಳ ಸೀರೆಯ ಮರೆಗೆ ಹೋಯಿತು. ಅವರು ಅದನ್ನು ನೋಡಿದರು. ನಡೆಯುವುದನ್ನೂ ನೋಡಿದರು, ಸೊಟ್ಟ ಕಾಲನ್ನೂ ನೋಡಿದರು. ಅಕ್ಕ ಕಾಲುವೆಯಲ್ಲಿ ನಡೆದದ್ದನ್ನು ಹೇಳಿದಳು. ಅಕ್ಕಿ ಮುಗಿದಿದೆ, ಬೇಳೆ ತರಬೇಕು ಎನ್ನುವ ದನಿಯಲ್ಲಿ ಹೇಳಿದಳು. ಮಗುವೇ ಮೊದಲು ಇಳಿದದ್ದು, ಬಾತು ಹಿಂದೆ ಹೋದದ್ದು, ಬಿಟ್ಟು ಬರಲಾಗದೆ ಅಲ್ಲೇ ಸುತ್ತಿದ್ದು.

ಭಾವನವರು ಅಂಗೈ ನೋಡಿಕೊಂಡು ಕೂತರು. ಅವ್ವ ಒಳಗೆ ಹೋದಳು. ನಾನೂ ಹೋಗಬೇಕಿತ್ತು, ಹೋಗಲಿಲ್ಲ.

“ಹಂಗಾರ ಅದು ನಮ್ಮನ್ನ ಕರ್ಯಾಕತ್ತಿತ್ತು,” ಅಂದರು ಅವರು. ಅವರ ದನಿ ನನಗೆ ಗುರುತೇ ಸಿಗಲಿಲ್ಲ. ಆ ದಿನ ಮಧ್ಯಾಹ್ನ ತಾವು ಅಂಗಳದ ಬೇವಿನ ಮರದ ಕೆಳಗೆ ಮಲಗಿದ್ದರಂತೆ. ಹೊಲ ದೂರವೇನಲ್ಲ. “ಒದರಾದು ಕೇಳಿಸ್ತು ನನಗ. ಏನ್ ಒದರ್ತೈತಿ ಹಾಳಾದ್ದು ಅಂತ ಮಗ್ಗಲ ತಿರುಗಿ ಮಕ್ಕೊಂಡೆ.”

ಇಷ್ಟು ದಿನ ಅವರ ಎದೆಯ ಮೇಲಿದ್ದ ಕಲ್ಲು ಯಾವುದೆಂದು ಆಗ ತಿಳಿಯಿತು. ಬಡಿಗೆ ಎತ್ತಿದ್ದು ಯಾಕೆಂದೂ ತಿಳಿಯಿತು. ಈಗ ಅಕ್ಕ ಅವರ ಮೇಲೆ ಬೀ‍ಳುತ್ತಾಳೆ, ಹೊಡೆಯುತ್ತಾಳೆ, ಹೊರಗೆ ಹೋಗೆನ್ನುತ್ತಾಳೆ ಎಂದುಕೊಂಡೆ. ಅವಳು ನಿಧಾನಕ್ಕೆ ಕಂಬದಿಂದ ಜಾರಿ ನೆಲಕ್ಕೆ ಕೂತಳು. ಬಾತು ಅವಳ ಪಕ್ಕ ಕೂತಿತು. ಅವಳು ಗಂಡನ ಮುಖ ನೋಡದೆ, ಬಾತಿನ ಬೆನ್ನು ಸವರುತ್ತಾ ಅಂದಳು:

“ನನಗೂ ಕೇಳಿಸಿತ್ತು.”